ಮೀನಿನ ತಲೆಗೆ ಬೆಲೆ ಎಷ್ಟು?

ಬೆಳಗಿನ ಜಾವ ಐದು ಗಂಟೆ. ಮಂಗಳೂರಿನ ದಕ್ಕೆ. ಬೆಂಗಳೂರಿನಲ್ಲಿ ಹಾಲಿನ ಪ್ಯಾಕೆಟ್ ಕೂಡ ಬಾಗಿಲಿಗೆ ಬಂದಿರದ ಹೊತ್ತು ಅದು. ಇಲ್ಲಿ ಆಗಲೇ ಹರಾಜು ಜೋರು. ಎಂಟು ಹತ್ತು ದಿನ ಕಡಲಲ್ಲಿದ್ದು ಬಂದ ಟ್ರಾಲ್ ಬೋಟುಗಳು ಸಾಲಾಗಿ ನಿಂತಿವೆ. ಬುಟ್ಟಿ ಬುಟ್ಟಿ ಬಂಗುಡೆ, ಮದಿಮಲ್, ಬೊಂಡಾಸ್, ಸಿಗಡಿ. ನಾನು, ನಮ್ಮ ಕ್ಯಾಮೆರಾಮನ್, ಇಬ್ಬರೂ ಜಾರದ ಹಾಗೆ ಕಾಲಿಡುವುದರಲ್ಲೇ ಸುಸ್ತು.

ದಕ್ಕೆಯ ಶೂಟಿಂಗ್ ಮುಗಿಸಿ ಸ್ಟೇಟ್ ಬ್ಯಾಂಕ್ ಹತ್ತಿರದ ಮೀನು ಮಾರುಕಟ್ಟೆಗೆ ಬಂದೆವು. ಅಲ್ಲಿ ಒಬ್ಬ ಅಕ್ಕ ಮಣೆ ಹಾಕಿಕೊಂಡು ಕೂತು ಮೀನು ಕತ್ತರಿಸ್ತಾ ಇದ್ದರು. ಮೈಕ್ ಹಿಡಿದು ಕೇಳಿದೆ. "ಅಂಜಲ್ ಎಷ್ಟು?" ರೇಟು ಹೇಳಿದರು. "ಬಂಗುಡೆ?" ಅದನ್ನೂ ಹೇಳಿದರು. ಆಮೇಲೆ ಮಣೆಯ ಪಕ್ಕದ ಬಕೆಟ್ ತೋರಿಸಿದೆ. ಅದರ ತುಂಬ ತಲೆ, ಕರುಳು, ರೆಕ್ಕೆ, ಸಿಗಡಿಯ ಚಿಪ್ಪು. "ಇದಕ್ಕೆಷ್ಟು ಅಕ್ಕಾ?"

ಅವರು ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದರು. "ಎಂಚಿನ ಮಾರಾಯ್ರೇ, ಅದು ಕಸ. ಕಸಕ್ಕೆ ಯಾರಾದ್ರೂ ಬೆಲೆ ಕಟ್ತಾರಾ?"

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ವೀಕ್ಷಕರೇ, ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕಂದ್ರೆ ಆ ಬಕೆಟ್‌ನಲ್ಲಿದ್ದ ಸರಕಿಗೆ ಬೆಲೆ ಕಟ್ಟುವವರು ಪ್ರಪಂಚದಲ್ಲಿ ಇದ್ದಾರೆ. ಅದೂ ಸಣ್ಣ ಬೆಲೆಯಲ್ಲ. ಹಾಗಾದರೆ ಆ ಅಕ್ಕನ ಕೈಗೆ ಅದರಲ್ಲಿ ನಯಾಪೈಸೆ ಯಾಕೆ ಬರೋದಿಲ್ಲ? ಇವತ್ತು ಅದನ್ನೇ ಬಿಡಿಸಿ ಹೇಳ್ತೀನಿ.

ಮೊದಲು ಲೆಕ್ಕ ನೋಡೋಣ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಪ್ರತಿ ವರ್ಷ ದೇಶದ ಕಡಲ ಮೀನಿನ ಲೆಕ್ಕ ಕೊಡುತ್ತದೆ. 2022ರಲ್ಲಿ ಕರ್ನಾಟಕದ ದಡಕ್ಕೆ ಬಂದ ಮೀನು ಸುಮಾರು 6.95 ಲಕ್ಷ ಟನ್. ನಮ್ಮ ಕರಾವಳಿ 300 ಕಿಲೋಮೀಟರ್ ಚಿಲ್ಲರೆ. ಕೇರಳದ್ದು ಹೆಚ್ಚುಕಡಿಮೆ ಅದರ ಎರಡು ಪಟ್ಟು. ಆದರೂ ಆ ವರ್ಷ ಮೀನಿನ ಲೆಕ್ಕದಲ್ಲಿ ನಾವು ಕೇರಳಕ್ಕಿಂತ ಒಂದು ಹೆಜ್ಜೆ ಮುಂದೆ ಇದ್ದೆವು.

ಆದರೆ ಇಷ್ಟೂ ಮೀನು ತಟ್ಟೆಗೆ ಹೋಗುತ್ತಾ? ಇಲ್ಲ. ಸಿಗಡಿಯನ್ನೇ ತಗೊಳ್ಳಿ. ತುಳುವಿನಲ್ಲಿ ಎಟ್ಟಿ. ತಲೆ ಮುರಿದು ಚಿಪ್ಪು ಬಿಡಿಸಿದರೆ ಹತ್ತಿರ ಹತ್ತಿರ ಅರ್ಧ ತೂಕ ಹೋಯ್ತು. ದೊಡ್ಡ ಮೀನಿನ ಮುಳ್ಳಿಲ್ಲದ ಹೋಳು ಮಾಡಿದರೂ ಅರ್ಧದಷ್ಟು ಪಕ್ಕಕ್ಕೆ ಬೀಳುತ್ತದೆ. ಇನ್ನು ಸುರಿಮಿ ಅಂತ ಒಂದಿದೆ. ಮದಿಮಲ್ ಥರದ ಮೀನಿನ ಮಾಂಸವನ್ನು ಅರೆದು, ತೊಳೆದು, ಬಿಳಿ ಮುದ್ದೆ ಮಾಡಿ, ಹೆಪ್ಪುಗಟ್ಟಿಸಿ ವಿದೇಶಕ್ಕೆ ಕಳಿಸುವುದು. ಹೊರಗೆ ಏಡಿ ಮಾಂಸದ ಕಡ್ಡಿ ಅಂತ ಮಾರ್ತಾರಲ್ಲ, ಅದರೊಳಗೆ ಇರೋದು ಇದೇ ಮುದ್ದೆ. ಅದರಲ್ಲಿ ಮೀನಿನ ತೂಕದ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಮುದ್ದೆಯಾಗುತ್ತದೆ. ಉಳಿದ ತಲೆ, ಚರ್ಮ, ಮುಳ್ಳು, ಕರುಳು ಎಲ್ಲ ಪಕ್ಕಕ್ಕೆ.

ಅಂದರೆ ನಾವು ಮೀನು ಹಿಡಿಯೋ ಊರು ಅಂತ ಹೆಮ್ಮೆಯಿಂದ ಹೇಳಿಕೊಳ್ತೀವಲ್ಲ, ಅದೇ ಊರು ಮೀನಿನ ತಲೆ, ಚಿಪ್ಪು, ಚರ್ಮದ ಊರೂ ಹೌದು. ಅದನ್ನು ಮಾತ್ರ ಬಾಯಿಬಿಟ್ಟು ಹೇಳೋದಿಲ್ಲ.

ಇದನ್ನು ಎಸೆಯಬಾರದು ಅನ್ನೋ ಬುದ್ಧಿ ಬೇರೆ ದೇಶದಿಂದ ಬರಬೇಕಿಲ್ಲ. ನಮ್ಮ ಕರಾವಳಿಯ ಅಜ್ಜಿಯರಿಗೆ ಅದು ಮೊದಲೇ ಗೊತ್ತಿತ್ತು. ಅಂಜಲ್‌ನ ತಲೆ ಯಾವ ಮನೆಯಲ್ಲೂ ಕಸದ ಬುಟ್ಟಿಗೆ ಹೋಗೋದಿಲ್ಲ. ಅದರದ್ದೇ ಸಾರು ಆಗುತ್ತದೆ, ಆ ತಲೆ ಯಾರ ತಟ್ಟೆಗೆ ಅಂತ ಜಗಳವೂ ಆಗುತ್ತದೆ. ಬೂತಾಯಿಯ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದರು, ಮರ ಉಪ್ಪುನೀರಿಗೆ ಹಾಳಾಗದಿರಲಿ ಅಂತ. ಹೆಚ್ಚಾದ ಮೀನು ತೆಂಗಿನ ಬುಡಕ್ಕೆ ಗೊಬ್ಬರ. ಕಪ್ಪೆ ಬೊಂಡಾಸ್ ಒಳಗೆ ಬಿಳಿ ಹಲಗೆಯ ಥರ ಒಂದು ಎಲುಬು ಇರುತ್ತದೆ ನೋಡಿ, ಅದು ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರಫೇನ ಅನ್ನೋ ಹೆಸರಲ್ಲಿ ಸಿಗುತ್ತದೆ. ಆಯುರ್ವೇದದಲ್ಲಿ ಅದಕ್ಕೆ ಜಾಗವಿದೆ. ಪಂಜರದ ಹಕ್ಕಿಗಳಿಗೆ ಸುಣ್ಣದಂಶಕ್ಕೆ ಅಂತ ಅದನ್ನೇ ಕಟ್ಟುತ್ತಾರೆ.

ನೂರು ವರ್ಷದ ಹಿಂದಕ್ಕೆ ಹೋಗಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸರ್ ಫ್ರೆಡರಿಕ್ ನಿಕೋಲ್ಸನ್ ಅನ್ನೋ ಅಧಿಕಾರಿ ಅಲ್ಲಿ ಮೀನುಗಾರಿಕಾ ಇಲಾಖೆಗೆ ಅಡಿಪಾಯ ಹಾಕಿದರು. ಬೂತಾಯಿಯನ್ನು ಬೇಯಿಸಿ, ಹಿಂಡಿ, ಎಣ್ಣೆ ಒಂದು ಕಡೆ, ಗೊಬ್ಬರದ ಹಿಂಡಿ ಇನ್ನೊಂದು ಕಡೆ ತೆಗೆಯುವ ಕ್ರಮವನ್ನು ಅವರು ಮಲಬಾರ್ ಮತ್ತು ದಕ್ಷಿಣ ಕನ್ನಡದ ದಡದಲ್ಲಿ ಬೆಳೆಸಿದರು. ಆಮೇಲಿನ ವರ್ಷಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ಅಂಥ ಪುಟ್ಟ ಪುಟ್ಟ ಘಟಕಗಳು ನೂರಾರು ಎದ್ದವು.

ಇವತ್ತಿನ ಮೀನು ಹಿಟ್ಟಿನ ಗಿರಣಿ ಅದರ ಮೊಮ್ಮಗ. ಫಿಶ್‌ಮೀಲ್ ಅಂತಾರಲ್ಲ, ಅದು. ಉಳ್ಳಾಲದ ಕೋಟೆಪುರದ ಕಡೆ ಹೋದರೆ ನಿಮ್ಮ ಮೂಗೇ ದಾರಿ ತೋರಿಸುತ್ತದೆ. ಕೆಲಸ ಸರಳ. ಮೀನನ್ನು ಹಬೆಯಲ್ಲಿ ಬೇಯಿಸುವುದು, ದೊಡ್ಡ ತಿರುಪಿನಲ್ಲಿ ಹಿಂಡುವುದು. ಹಿಂಡಿದ ರಸದಿಂದ ಎಣ್ಣೆ ಬೇರ್ಪಡಿಸುವುದು. ಉಳಿದ ಹಿಂಡಿಯನ್ನು ಒಣಗಿಸಿ ಪುಡಿ ಮಾಡುವುದು. ನಾಲ್ಕೈದು ಕೆಜಿ ಮೀನಿಗೆ ಒಂದು ಕೆಜಿ ಹಿಟ್ಟು. ಒಳ್ಳೆಯ ಹಿಟ್ಟಾದರೆ ಅದರಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಪ್ರೊಟೀನ್. ಅದು ಆಂಧ್ರದ ಸಿಗಡಿ ಹೊಂಡಗಳಿಗೆ ಹೋಗುತ್ತದೆ, ಹೊರದೇಶಕ್ಕೂ ಹೋಗುತ್ತದೆ. ಮಂಗಳೂರಿನಲ್ಲೇ ಹುಟ್ಟಿದ ಮುಕ್ಕ ಪ್ರೊಟೀನ್ಸ್ ಕಂಪನಿ 2024ರಲ್ಲಿ ಷೇರು ಮಾರುಕಟ್ಟೆಗೇ ಹೋಯಿತು. ಮೀನಿನ ಹಿಟ್ಟು, ಎಣ್ಣೆ ಮಾರುವ ಕಂಪನಿಯ ಷೇರನ್ನು ದಲಾಲ್ ಸ್ಟ್ರೀಟ್‌ನಲ್ಲಿ ಜನ ಕೊಳ್ಳುತ್ತಾರೆ ಅಂದ್ರೆ, ಇದು ಕಸದ ವ್ಯಾಪಾರ ಅಂತ ಹೇಗ್ರೀ ಹೇಳ್ತೀರಿ?

ಆದರೆ ಗಮನಿಸಿ, ಹಿಟ್ಟು ಅನ್ನೋದು ಈ ಏಣಿಯ ಕೆಳಗಿನ ಮೆಟ್ಟಿಲು. ತಲೆ, ಚರ್ಮ, ಮುಳ್ಳು ಎಲ್ಲವನ್ನೂ ಒಂದೇ ಹಂಡೆಗೆ ಸುರಿದರೆ ಎಲ್ಲಕ್ಕೂ ಒಂದೇ ಬೆಲೆ. ಬೇರೆ ಬೇರೆ ಮಾಡಿದರೆ ಮಾತ್ರ ಮೇಲಿನ ಮೆಟ್ಟಿಲು ಕಾಣುತ್ತದೆ. ಎರಡು ಉದಾಹರಣೆ ಕೊಡ್ತೀನಿ.

ಮೊದಲನೆಯದು ಸಿಗಡಿ ಚಿಪ್ಪು. ಅದನ್ನು ನಿಮ್ಮ ಮನೆಯ ಆರ್‌ಸಿಸಿ ಗೋಡೆ ಅಂದುಕೊಳ್ಳಿ. ಗೋಡೆಯಲ್ಲಿ ಸಿಮೆಂಟು ಇದೆ, ಒಳಗೆ ಕಬ್ಬಿಣದ ಸರಳು ಇದೆ. ಚಿಪ್ಪಿನಲ್ಲಿ ಸಿಮೆಂಟಿನ ಜಾಗದಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸರಳಿನ ಜಾಗದಲ್ಲಿ ಕೈಟಿನ್ ಅನ್ನೋ ನಾರು. ಎರಡನ್ನೂ ಹಿಡಿದಿಡುವುದಕ್ಕೆ ಪ್ರೊಟೀನ್. ನಮಗೆ ಬೇಕಾಗಿರೋದು ಸರಳು. ಹಾಗಾಗಿ ಚಿಪ್ಪಿಗೆ ಮೊದಲು ಆಮ್ಲದ ಸ್ನಾನ, ಸುಣ್ಣ ಕರಗಿ ಹೋಗುತ್ತದೆ. ಆಮೇಲೆ ಕಾಸ್ಟಿಕ್ ಸೋಡಾದ ಸ್ನಾನ, ಪ್ರೊಟೀನ್ ಹೋಗುತ್ತದೆ. ಉಳಿದ ಬಿಳಿ ಚೂರೇ ಕೈಟಿನ್. ಅದನ್ನು ಇನ್ನೂ ಗಟ್ಟಿ ಕಾಸ್ಟಿಕ್ ಸೋಡಾದಲ್ಲಿ ಬಿಸಿ ಮಾಡಿದರೆ ಕೈಟೋಸಾನ್ ಸಿಗುತ್ತದೆ.

ಇದರಲ್ಲೇನು ವಿಶೇಷ? ಕೈಟಿನ್ ನೀರಿಗೆ ಜಗ್ಗೋದಿಲ್ಲ, ಕರಗೋದಿಲ್ಲ. ಕೈಟೋಸಾನ್ ಮಾತ್ರ ವಿನೆಗರ್‌ನಂಥ ಸಣ್ಣ ಹುಳಿಯಲ್ಲಿ ಕರಗುತ್ತದೆ, ಕರಗಿದಾಗ ಅದಕ್ಕೆ ಧನ ವಿದ್ಯುದಂಶ ಬರುತ್ತದೆ. ಕೊಳೆನೀರಿನ ಕಣಗಳು, ರಕ್ತದ ಕಣಗಳ ಹೊರಮೈ ಇವೆಲ್ಲ ಋಣ. ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಇದು ನೀರು ತಿಳಿಗೊಳಿಸುತ್ತದೆ, ಬೀಜಕ್ಕೆ ಲೇಪವಾಗುತ್ತದೆ, ರಕ್ತ ಸುರಿಯುವ ಗಾಯದ ಮೇಲೆ ಒತ್ತಿದರೆ ಅಂಟಿ ಕೂರುತ್ತದೆ. ಕೈಟೋಸಾನ್ ಪಟ್ಟಿಗೆ ಅಮೆರಿಕದ ಔಷಧ ನಿಯಂತ್ರಕರು 2002ರಲ್ಲಿ ಒಪ್ಪಿಗೆ ಕೊಟ್ಟರು. ಇರಾಕ್, ಅಫ್ಘಾನಿಸ್ತಾನದ ಯುದ್ಧಭೂಮಿಯಲ್ಲಿ ಅಮೆರಿಕದ ಸೈನಿಕರ ಕಿಟ್‌ನಲ್ಲಿ ಅದು ಇತ್ತು. ಸಿಗಡಿ ಚಿಪ್ಪು ಸ್ವಾಮಿ, ಸಿಗಡಿ ಚಿಪ್ಪು! ನಮ್ಮ ಮಾರುಕಟ್ಟೆಯ ಬಕೆಟ್‌ನಲ್ಲಿ ನೊಣ ಮುತ್ತಿಕೊಂಡಿತ್ತಲ್ಲ, ಅದೇ.

ಇದು ಪುಕ್ಕಟೆ ಅಂತ ಮಾತ್ರ ತಿಳಿಯಬೇಡಿ. ನೂರು ಕೆಜಿ ಹಸಿ ಚಿಪ್ಪಿನಿಂದ ಬರುವ ಕೈಟೋಸಾನ್ ನಾಲ್ಕೈದು ಕೆಜಿ ಆದರೆ ದೊಡ್ಡದು. ಅಷ್ಟಕ್ಕೆ ಆಮ್ಲ ಬೇಕು, ಕ್ಷಾರ ಬೇಕು, ತೊಳೆಯೋಕೆ ರಾಶಿ ನೀರು ಬೇಕು. ಆ ಕೊಳೆನೀರನ್ನು ಸರಿಪಡಿಸದೆ ಹೊಳೆಗೆ ಬಿಟ್ಟರೆ ಮೀನಿನ ಕಸ ಉಳಿಸಲು ಹೋಗಿ ಮೀನಿನ ಮನೆಯನ್ನೇ ಹಾಳು ಮಾಡಿದ ಹಾಗೆ. ಲಾಭದ ಲೆಕ್ಕದಲ್ಲಿ ಆ ಖರ್ಚು ಮೊದಲ ಸಾಲಿನಲ್ಲೇ ಇರಬೇಕು.

ಎರಡನೆಯದು ಚರ್ಮ. ಮೀನಿನ ಚರ್ಮ, ಹುರುಪೆಯಲ್ಲಿ ಕೊಲಾಜೆನ್ ಇದೆ. ನಮ್ಮ ಚರ್ಮದಲ್ಲೂ ಇರುವ ಅದೇ ಪ್ರೊಟೀನ್. ಬಿಸಿನೀರಿನಲ್ಲಿ ಕುದಿಸಿದರೆ ಜೆಲಾಟಿನ್. ಮಾತ್ರೆಯ ಕ್ಯಾಪ್ಸೂಲ್, ಜೆಲ್ಲಿ, ಮಿಠಾಯಿಗೆ ಬಳಸುವುದು. ಸಾಮಾನ್ಯವಾಗಿ ಅದು ದನ, ಹಂದಿಯಿಂದ ಬರುತ್ತದೆ. ಅದು ಬೇಡ ಅನ್ನುವವರು ಪ್ರಪಂಚದಲ್ಲಿ ಕೋಟ್ಯಂತರ ಜನ. ಅವರಿಗೆ ಮೀನಿನದ್ದು ಒಂದು ದಾರಿ. ಇನ್ನೊಂದು ಸಂಗತಿ ಕೇಳಿ. ತಣ್ಣನೆ ಕಡಲಿನ ಮೀನಿನ ಕೊಲಾಜೆನ್ ಸ್ವಲ್ಪ ಬಿಸಿಯಾದರೂ ಬಿಚ್ಚಿಕೊಳ್ಳುತ್ತದೆ. ನಮ್ಮಂಥ ಬೆಚ್ಚಗಿನ ಕಡಲಿನ ಮೀನಿನದ್ದು ಹೆಚ್ಚು ಬಿಸಿ ತಡೆಯುತ್ತದೆ. ಅಂದರೆ ಈ ಆಟದಲ್ಲಿ ಅರಬ್ಬೀ ಸಮುದ್ರಕ್ಕೆ ಹುಟ್ಟಿನಿಂದಲೇ ಒಂದು ಅನುಕೂಲ ಇದೆ.

ಆದರೆ ಆಟ ಗೆದ್ದವರು ಯಾರು? ಐಸ್‌ಲ್ಯಾಂಡ್. ಆ ದೇಶದ ವಾಯವ್ಯ ಮೂಲೆಯಲ್ಲಿ ಇಸಾಫ್ಯೋರ್ದುರ್ ಅಂತ ಒಂದು ಊರು. ಮೂರು ಸಾವಿರ ಜನವೂ ಇಲ್ಲ. ಅಲ್ಲಿ ಕೆರೆಸಿಸ್ ಅನ್ನೋ ಕಂಪನಿ ಕಾಡ್ ಮೀನಿನ ಚರ್ಮವನ್ನು ಶುದ್ಧ ಮಾಡಿ, ವಾಸಿಯಾಗದ ಗಾಯದ ಮೇಲೆ ಹಾಕುವ ಚಿಕಿತ್ಸಾ ಹಾಳೆ ಮಾಡಿತು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಸುಟ್ಟಗಾಯ, ಇಂಥದ್ದಕ್ಕೆ. 2023ರಲ್ಲಿ ಡೆನ್ಮಾರ್ಕ್‌ನ ಕೊಲೊಪ್ಲಾಸ್ಟ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಎಷ್ಟಕ್ಕೆ? 130 ಕೋಟಿ ಡಾಲರ್ ವರೆಗೆ. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ಕೋಟಿ ರೂಪಾಯಿ ಮೀರುತ್ತದೆ. ಅದೇ ದೇಶದವರು ಕಾಡ್ ಮೀನಿನ ತಲೆಯನ್ನು ಭೂಮಿಯ ಒಳಗಿನ ಬಿಸಿಯಿಂದ ಒಣಗಿಸಿ ನೈಜೀರಿಯಾಕ್ಕೆ ಕಳಿಸ್ತಾರೆ, ಅಲ್ಲಿನವರು ಸಾರು ಮಾಡ್ತಾರೆ. ತಲೆಯ ರುಚಿ ಗೊತ್ತಿರೋದು ಮಂಗಳೂರಿನವರಿಗೆ ಮಾತ್ರ ಅಲ್ಲ.

ಬುದ್ಧಿ ನಮ್ಮಲ್ಲಿ ಇಲ್ಲವಾ? ಖಂಡಿತ ಇದೆ. ದೇಶದ ಮೊಟ್ಟಮೊದಲ ಮೀನುಗಾರಿಕಾ ಕಾಲೇಜು ಶುರುವಾಗಿದ್ದು ಇದೇ ಮಂಗಳೂರಿನಲ್ಲಿ, 1969ರಲ್ಲಿ. ಎಕ್ಕೂರಿನಲ್ಲಿ ಇವತ್ತಿಗೂ ಇದೆ. ಮೀನು ಸಂಸ್ಕರಣೆಯನ್ನೇ ಒಂದು ವಿಭಾಗವಾಗಿ ಕಲಿಸುತ್ತಾರೆ. ಪಕ್ಕದ ಕೊಚ್ಚಿಯಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 1957ರಿಂದ ಇದೆ. ಕೈಟಿನ್, ಕೈಟೋಸಾನ್, ಕೊಲಾಜೆನ್ ಪೆಪ್ಟೈಡ್, ಎಲ್ಲದರ ತಂತ್ರಜ್ಞಾನ ಅಲ್ಲಿ ಸಿದ್ಧವಿದೆ. ಮೀನು ಇದೆ, ಕಾಲೇಜು ಇದೆ, ಕಾರ್ಖಾನೆ ಇದೆ. ಹಾಗಾದ್ರೆ ಎಲ್ಲಿ ಎಡವುತ್ತಿದ್ದೇವೆ?

ಅದನ್ನು ಹೇಳೋಕೆ ಒಂದು ರಾತ್ರಿಯ ಕಥೆ ಹೇಳಬೇಕು.

2022ರ ಏಪ್ರಿಲ್ 17, ಭಾನುವಾರ. ಸುದ್ದಿ ಬಂದಿದ್ದು ಮಂಗಳೂರಿನ ಹೊರವಲಯದ ಬಜಪೆ ಕಡೆಯಿಂದ, ವಿಶೇಷ ಆರ್ಥಿಕ ವಲಯದ ಒಂದು ಮೀನು ಸಂಸ್ಕರಣಾ ಘಟಕದಿಂದ. ತ್ಯಾಜ್ಯದ ಟ್ಯಾಂಕಿಗೆ ಇಳಿದ ಒಬ್ಬ ಕಾರ್ಮಿಕ ಅಲ್ಲೇ ಕುಸಿದ. ಅವನನ್ನು ಎತ್ತೋಕೆ ಜೊತೆಗಾರರು ಒಬ್ಬರ ಹಿಂದೆ ಒಬ್ಬರು ಇಳಿದರು. ಐದು ಜನ ಸತ್ತರು. ಎಲ್ಲರೂ ಪಶ್ಚಿಮ ಬಂಗಾಳದಿಂದ ಹೊಟ್ಟೆಪಾಡಿಗೆ ಬಂದ ಹುಡುಗರು. ನಾವು ಬ್ರೇಕಿಂಗ್ ನ್ಯೂಸ್ ಅಂತ ಕೆಂಪು ಪಟ್ಟಿ ಓಡಿಸಿದೆವು. ಎರಡು ದಿನ ಓಡಿಸಿದೆವು. ಮೂರನೇ ದಿನ ಬೇರೆ ಸುದ್ದಿ ಬಂತು. ನಾನೂ ಬೇರೆ ಸುದ್ದಿ ಓದಿದೆ.

ಆ ಟ್ಯಾಂಕಿನೊಳಗೆ ಇದ್ದಿದ್ದು ಏನು? ನಾನು ಇಲ್ಲಿಯವರೆಗೆ ಬಣ್ಣಿಸಿದ ಅದೇ ಸರಕು. ತಲೆ, ಕರುಳು, ರಕ್ತದ ನೀರು, ತೊಳೆದ ಕೊಳೆ. ಒಂದೇ ವ್ಯತ್ಯಾಸ. ಅದು ಕೊಳೆತಿತ್ತು.

ಮೀನು ಸತ್ತ ಕ್ಷಣದಿಂದ ಒಂದು ಗಡಿಯಾರ ಓಡೋಕೆ ಶುರುವಾಗುತ್ತದೆ. ಹೊಟ್ಟೆಯೊಳಗಿನ ಕಿಣ್ವಗಳು ಅದೇ ಮೀನನ್ನು ಜೀರ್ಣಿಸೋಕೆ ತೊಡಗುತ್ತವೆ. ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಎಣ್ಣೆ ಗಬ್ಬು ನಾತಕ್ಕೆ ತಿರುಗುತ್ತದೆ, ಕೊಲಾಜೆನ್ ಹಾಳಾಗುತ್ತದೆ, ಸಿಗಡಿ ತಲೆ ಕಪ್ಪಾಗುತ್ತದೆ. ಐಸ್‌ನಲ್ಲಿ ಇಟ್ಟರೆ ಈ ಗಡಿಯಾರ ನಿಧಾನ. ಮಂಗಳೂರಿನ ಏಪ್ರಿಲ್ ಸೆಖೆಯಲ್ಲಿ ಕೆಲವೇ ಗಂಟೆ ಸಾಕು. ಮುಚ್ಚಿದ ಟ್ಯಾಂಕಿನಲ್ಲಿ ಗಾಳಿಯಿಲ್ಲದೆ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ವಾಸನೆ ಹೋಯ್ತು, ಅಪಾಯ ಇಲ್ಲ ಅಂದುಕೊಳ್ಳುವಷ್ಟರಲ್ಲಿ ಮನುಷ್ಯ ಕೆಳಗೆ ಬಿದ್ದಿರುತ್ತಾನೆ.

ಒಂದೇ ಮೀನಿನ ಕರುಳು, ಚಿಪ್ಪು. ಸಮಯಕ್ಕೆ ಸರಿಯಾಗಿ ತಣ್ಣಗಿಟ್ಟು ಬೇರ್ಪಡಿಸಿದರೆ ಆಸ್ಪತ್ರೆಯಲ್ಲಿ ಗಾಯ ಮಾಗಿಸುವ ಔಷಧ. ತಡ ಮಾಡಿ ಟ್ಯಾಂಕಿಗೆ ಸುರಿದರೆ ಐದು ಹುಡುಗರ ಸಾವು. ನಡುವೆ ಇರೋದು ಕೆಲವು ಗಂಟೆ, ಒಂದಿಷ್ಟು ಐಸು, ಒಂದಿಷ್ಟು ಜವಾಬ್ದಾರಿ. ಮೀನಿಗೆ ಐಸ್ ಹಾಕ್ತೀವಿ, ಮೀನಿನ ತಲೆಗೆ ಹಾಕೋದಿಲ್ಲ. ನಾವು ಎಡವಿದ್ದು ಅಲ್ಲೇ.

ಕಾನೂನು ಇಲ್ಲ ಅಂತ ಯಾರೂ ಹೇಳುವಂತಿಲ್ಲ. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಸ್ಪಷ್ಟವಾಗಿ ಹೇಳಿತ್ತು. ವಿಷಾನಿಲ ಇರಬಹುದಾದ ಟ್ಯಾಂಕು, ಗುಂಡಿಯೊಳಗೆ, ಪರೀಕ್ಷೆ ಮಾಡಿದ ತಜ್ಞರ ಲಿಖಿತ ಪ್ರಮಾಣಪತ್ರ ಇಲ್ಲದೆ ಯಾರನ್ನೂ ಇಳಿಸಬಾರದು. ಇಲ್ಲವಾದರೆ ಉಸಿರಾಟದ ಸಾಧನ ಇರಬೇಕು, ಸೊಂಟಕ್ಕೆ ಹಗ್ಗ ಇರಬೇಕು, ಹಗ್ಗದ ಇನ್ನೊಂದು ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು. ಸ್ವಾತಂತ್ರ್ಯ ಬಂದ ಮರುವರ್ಷ ಬರೆದ ಸಾಲು. ಹೊಸ ಉದ್ಯಮ, ನೀಲಿ ಆರ್ಥಿಕತೆ ಅಂತ ಭಾಷಣ ಮಾಡುವ ಮುನ್ನ ಆ ಹಗ್ಗ ಎಲ್ಲಿದೆ ಅಂತ ಕೇಳಬೇಕು.

ಇನ್ನೊಂದು ಬಲೆ ಇದೆ, ಅದನ್ನೂ ಹೇಳಿಬಿಡ್ತೀನಿ. ಕಸದಿಂದ ರಸ ಅನ್ನೋ ಮಾತು ಕೇಳೋಕೆ ಚೆನ್ನಾಗಿದೆ. ಆದರೆ ಗಿರಣಿಗೆ ಹೋಗುವುದೆಲ್ಲ ತಲೆ, ಚಿಪ್ಪೇ ಅಲ್ಲ. ಟ್ರಾಲ್ ಬಲೆಗೆ ಬೆರಳುದ್ದದ ಮರಿಗಳೂ ಬೀಳುತ್ತವೆ. ನಾಳೆ ಅಂಜಲ್ ಆಗಬೇಕಾದದ್ದು, ನಾಳೆ ಮದಿಮಲ್ ಆಗಬೇಕಾದದ್ದು. ತಿನ್ನೋಕೆ ಬಾರದ್ದು ಅಂತ ಅದನ್ನೂ ರಾಶಿ ಹಾಕಿ ಹಿಟ್ಟಿಗೆ ಕಳಿಸಲಾಗುತ್ತದೆ. ಉಪ ಉತ್ಪನ್ನ ಬೇರೆ, ಮರಿಮೀನು ಬೇರೆ. ಮೊದಲನೆಯದು ಹಿಡಿದ ಮೀನಿನ ಉಳಿಕೆ. ಎರಡನೆಯದು ಮುಂದಿನ ವರ್ಷದ ಮೀನು. ಬಿತ್ತನೆ ಬೀಜ ಹುರಿದು ತಿಂದು, ಏನೂ ಹಾಳು ಮಾಡಲಿಲ್ಲ ನೋಡಿ ಅಂದರೆ ರೈತ ಒಪ್ತಾನಾ?

ಕಡಲು ಯಾವತ್ತೂ ಕೊಡುತ್ತಲೇ ಇರುತ್ತದೆ ಅನ್ನೋ ಭ್ರಮೆ ಬೇಡ. ಪಕ್ಕದ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ ಹತ್ತಿರ ಬಂದಿದ್ದ ಬೂತಾಯಿ, 2021ರಲ್ಲಿ 3,300 ಟನ್ನಿಗೆ ಇಳಿದಿತ್ತು. ಕಾರಣ ಗಿರಣಿ ಒಂದೇ ಅಲ್ಲ. ಕಡಲಿನ ಬಿಸಿ, ಮಳೆಯ ಏರುಪೇರು, ಮಿತಿಮೀರಿದ ಹಿಡಿತ ಎಲ್ಲ ಸೇರಿದೆ. ನಮ್ಮಲ್ಲಿ ಜೂನ್, ಜುಲೈ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ ಕೊಡೋದು ಮೀನು ಮರಿ ಹಾಕಲಿ ಅಂತ. ಎರಡು ತಿಂಗಳು ಕಾದು, ಆಗಸ್ಟ್‌ನಲ್ಲಿ ಅದೇ ಮರಿಗಳನ್ನು ಬಾಚಿ ಹಿಟ್ಟು ಮಾಡಿದರೆ ಆ ರಜೆಗೆ ಅರ್ಥವೇನು?

ಮೂರನೆಯ ಎಚ್ಚರಿಕೆ ನಿಮಗೆ, ಟಿವಿ ಮುಂದೆ ಕೂತವರಿಗೆ. ಮೀನಿನ ಕೊಲಾಜೆನ್ ಪುಡಿ ಕುಡಿದರೆ ಹದಿನೆಂಟರ ಹರೆಯ, ಗ್ಲುಕೋಸಮೈನ್ ಮಾತ್ರೆ ನುಂಗಿದರೆ ಮಂಡಿ ನೋವು ಮಾಯ. ಇಂಥ ಜಾಹೀರಾತು ನೋಡಿದ್ದೀರಲ್ಲ? ಗ್ಲುಕೋಸಮೈನ್ ಕೂಡ ಇದೇ ಚಿಪ್ಪಿನ ಕೈಟಿನ್‌ನಿಂದ ಬರುವುದು. 2006ರಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ, ಮಂಡಿ ನೋವಿನವರ ಇಡೀ ಗುಂಪನ್ನು ನೋಡಿದಾಗ, ಅದು ಬರೀ ಹುಸಿ ಮಾತ್ರೆಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ. ಚಿಪ್ಪಿಗೆ ಬೆಲೆ ಇದೆ ಅಂದ ಮಾತ್ರಕ್ಕೆ ಚಿಪ್ಪಿನ ಹೆಸರಲ್ಲಿ ಮಾರುವ ಪ್ರತಿ ಡಬ್ಬಿಗೂ ಬೆಲೆ ಇದೆ ಅಂತಲ್ಲ. ಸಿಗಡಿ ಅಲರ್ಜಿ ಇದ್ದವರಂತೂ ಡಬ್ಬಿಯ ಹಿಂದಿನ ಸಣ್ಣಕ್ಷರ ಓದದೆ ಮುಟ್ಟಬೇಡಿ. ಇಂಥ ಜಾಹೀರಾತು ನನ್ನ ಕಾರ್ಯಕ್ರಮದ ನಡುವೆಯೂ ಬರುತ್ತದೆ, ಒಪ್ಕೋತೀನಿ. ಅದಕ್ಕೇ ಹೇಳ್ತಿರೋದು.

ಸರಿ, ಈಗ ಏನು ಮಾಡಬಹುದು? ಹತ್ತು ಸಾವಿರ ಕೋಟಿಯ ಕಂಪನಿ ನಾಳೆ ಬೆಳಗ್ಗೆ ಹುಟ್ಟೋದಿಲ್ಲ. ಆದರೆ ಒಂದು ಬಕೆಟ್ ಮೂರು ಬಕೆಟ್ ಆಗಬಹುದು. ಚಿಪ್ಪು ಒಂದರಲ್ಲಿ, ತಲೆ ಚರ್ಮ ಮುಳ್ಳು ಇನ್ನೊಂದರಲ್ಲಿ, ಕರುಳು ಮತ್ತೊಂದರಲ್ಲಿ. ಮಾರುಕಟ್ಟೆಯಲ್ಲಿ ಒಂದು ಐಸ್ ಪೆಟ್ಟಿಗೆ, ದಿನಕ್ಕೆರಡು ಸಲ ಬರುವ ಒಂದು ಗಾಡಿ. ಬೇರ್ಪಡಿಸಿ, ತಣ್ಣಗಿಟ್ಟು ಕೊಟ್ಟ ಸರಕಿಗೆ ಕೆಜಿಗಿಷ್ಟು ಅಂತ ದುಡ್ಡು. ಪುಕ್ಕಟೆ ಒಯ್ಯುವ ಹಾಗಿಲ್ಲ.

ಕರುಳಿನಂಥ ಕೆಳದರ್ಜೆಯ ಸರಕಿಗೂ ಸುಲಭ ದಾರಿ ಇದೆ. ಅದಕ್ಕೆ ಸೈಲೇಜ್ ಅಂತಾರೆ. ಮೀನಿನ ಉಳಿಕೆಯನ್ನು ನುಣ್ಣಗೆ ಅರೆದು ಶೇಕಡಾ 3ರಷ್ಟು ಫಾರ್ಮಿಕ್ ಆಮ್ಲ ಬೆರೆಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಡುವುದು, ದಿನವೂ ಕದಡುವುದು. ಹುಳಿಯಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಬದುಕೋದಿಲ್ಲ, ಮೀನಿನದೇ ಕಿಣ್ವ ಅದನ್ನು ಕರಗಿಸಿ ಗಂಜಿ ಮಾಡುತ್ತದೆ. ತಿಂಗಳುಗಟ್ಟಲೆ ಕೆಡೋದಿಲ್ಲ. ಕೋಳಿ, ಹಂದಿಯ ಮೇವಿಗೆ, ಗೊಬ್ಬರಕ್ಕೆ ಆಗುತ್ತದೆ. ಬಾಯ್ಲರ್ ಬೇಡ, ಚಿಮಣಿ ಬೇಡ. ಆಮ್ಲ ಮುಟ್ಟುವವರಿಗೆ ಕೈಗವಸು, ಕನ್ನಡಕ ಮಾತ್ರ ಕಡ್ಡಾಯ. ನಮ್ಮ ಸಹಜ ಕೃಷಿಕರು ಮೀನಿನ ಉಳಿಕೆಗೆ ಅಷ್ಟೇ ತೂಕದ ಬೆಲ್ಲ ಹಾಕಿ ಕಳಿಸಿ, ಸೋಸಿ, ನೀರಿಗೆ ಬೆರೆಸಿ ಗಿಡಕ್ಕೆ ಸಿಂಪಡಿಸ್ತಾರೆ. ಕಡಲಿನ ತಲೆ, ಮಂಡ್ಯದ ಬೆಲ್ಲ. ಇದಕ್ಕಿಂತ ಒಳ್ಳೆ ಸಂಬಂಧ ಬೇಕಾ?

ದುಡ್ಡು ಎಲ್ಲಿಂದ? 2020ರಲ್ಲಿ ಕೇಂದ್ರ ಸರ್ಕಾರ 20,050 ಕೋಟಿಯ ಮತ್ಸ್ಯ ಸಂಪದ ಯೋಜನೆ ಘೋಷಿಸಿತು. ಐಸ್ ಘಟಕ, ಸಂಸ್ಕರಣೆ, ಮೌಲ್ಯವರ್ಧನೆ ಎಲ್ಲ ಅದರಲ್ಲಿ ಇದೆ. ಸಾಮಾನ್ಯ ವರ್ಗಕ್ಕೆ ಶೇಕಡಾ 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 60ರವರೆಗೆ ನೆರವು. ಮೀನು ಕತ್ತರಿಸಿ ಬದುಕುವವರಲ್ಲಿ ಮಹಿಳೆಯರು ಎಷ್ಟು ಜನ ಅಂತ ಮಂಗಳೂರಿನ ಯಾವ ಮಾರುಕಟ್ಟೆಗೆ ಹೋದರೂ ಕಣ್ಣಿಗೇ ಕಾಣುತ್ತದೆ. ಯೋಜನೆಯ ಕಾಗದ ಮತ್ತು ಆ ಮಣೆಯ ನಡುವಿನ ದೂರ ಕಡಿಮೆ ಮಾಡುವವರು ಬೇಕು. ಪಾಲಿಕೆ, ಮೀನುಗಾರಿಕಾ ಇಲಾಖೆ, ಎಕ್ಕೂರಿನ ಕಾಲೇಜು ಒಂದು ಟೇಬಲ್ ಸುತ್ತ ಕೂತರೆ ಸಾಕು. ಮೂರೂ ಇರೋದು ಒಂದೇ ಊರಿನಲ್ಲಿ.

ಈ ಬಕೆಟ್‌ಗಳು ಸರಿಯಾಗದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಬೇರೆ ಊರಿನ ಸಾಕ್ಷಿ ಬೇಡ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರದ ಮನೆ, ತೋಟಗಳ ಮೇಲೆ ಹರಿದಿದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿದೆ. ಎಲ್ಲವನ್ನೂ ಒಂದೇ ಲಾರಿಗೆ ಸುರಿಯುವ ಊರಿಗೆ ಒಂದಲ್ಲ ಒಂದು ದಿನ ಆ ಲಾರಿ ಮರಳಿ ಬರುತ್ತದೆ.

ಅವತ್ತು ಮಾರುಕಟ್ಟೆಯಿಂದ ಹೊರಡುವ ಮುನ್ನ ಆ ಅಕ್ಕನ ಹತ್ತಿರ ಮತ್ತೆ ಹೋದೆ. ಸಿಗಡಿ ಚಿಪ್ಪಿನ ಪಟ್ಟಿಯ ಕಥೆ, ಮೀನಿನ ಚರ್ಮದ ಕಥೆ ಎರಡೂ ಹೇಳಿದೆ. ಕತ್ತರಿಸ್ತಾನೇ ಕೇಳಿಸಿಕೊಂಡರು. ಆಮೇಲೆ ಬಕೆಟ್ ಕಡೆ ಒಂದು ಸಲ ನೋಡಿ ಅಂದರು: "ಬೇರೆ ಬೇರೆ ಹಾಕೋದು ನಂಗೇನು ಕಷ್ಟ ಇಲ್ಲ. ತಗೊಂಡು ಹೋಗುವವರು ಯಾರು, ಅದನ್ನು ಹೇಳಿ."

ನನ್ನ ಬಳಿ ಉತ್ತರ ಇರಲಿಲ್ಲ. ಮೈಕ್ ಇತ್ತು ಅಷ್ಟೇ. ಹಾಗಾಗಿ ಆ ಪ್ರಶ್ನೆಯನ್ನು ಉತ್ತರ ಕೊಡಬೇಕಾದವರ ಮುಂದೆ ಇಡ್ತಾ ಇದ್ದೀನಿ. ಅಕ್ಕ ಬೇರ್ಪಡಿಸೋಕೆ ತಯಾರಿದ್ದಾರೆ. ತಗೊಂಡು ಹೋಗುವವರು ಯಾರು ಸ್ವಾಮಿ?